ಕೂಟಶಾಸನವೂ ಮರೆಮಾಚಿದ ಕೊಂಡಿಯೂ



ಕೆಲವು ತಿಂಗಳ ಹಿಂದೆ ನನಗೊಂದು ಮಿಂಚಂಚೆ ಬಂದಿತು. ಜೀವಿತ ಪ್ರಮಾಣಪತ್ರವನ್ನು ಅಂದೇ ಸಲ್ಲಿಸದಿದ್ದರೆ ಪಿಂಚಣಿ ನಿಲ್ಲುವುದೆಂದೂ ಕೆಳಗಿನ ನೀಲಿ ಅಕ್ಷರಗಳನ್ನು ಒತ್ತಬೇಕೆಂದೂ ಅದರಲ್ಲಿತ್ತು. ನೀಲಿ ಅಕ್ಷರಗಳು ಸರ್ಕಾರಿ ಇಲಾಖೆಯ ಹೆಸರನ್ನೇ ಹೇಳುತ್ತಿದ್ದವು. ಗಾಬರಿಯಲ್ಲಿ ಇನ್ನೇನು ಒತ್ತಬೇಕು, ಅಷ್ಟರಲ್ಲಿ ಅದರ ಹಿಂದಿನ ವಿಳಾಸವನ್ನು ನೋಡುವ ಬುದ್ಧಿ ಬಂದಿತು. ವಿಳಾಸ ಬೇರೆ ಯಾರದೋ ಆಗಿತ್ತು. ಆಗ ನೆನಪಾದುದು ಕೂಟಶಾಸನಗಳ ಕಥೆ.

ಕೂಟಶಾಸನವೆಂದರೆ ರಾಜನ ಹೆಸರಿನಲ್ಲಿ ಬೇರೆಯವರು ಬರೆಯಿಸಿಕೊಂಡ ಸುಳ್ಳು ಶಾಸನ. ಮನುಸ್ಮೃತಿಯು ಇಂಥದನ್ನು ರಚಿಸಿದವರಿಗೆ ಮರಣದಂಡನೆ ವಿಧಿಸುತ್ತದೆ. ಎಂದಮೇಲೆ ವಂಚನೆ ಎಷ್ಟು ಹಳೆಯದೆಂಬುದನ್ನು ಊಹಿಸಬಹುದು. ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯ ಕರ್ನಾಟಿಕ'ದ ಏಳನೆಯ ಸಂಪುಟದಲ್ಲಿ ಚನ್ನಗಿರಿ, ಹೊನ್ನಾಳಿಗಳ ಶಾಸನಗಳನ್ನೂ ಹನ್ನೊಂದನೆಯದರಲ್ಲಿ ಜಗಳೂರಿನವನ್ನೂ ಪ್ರಕಟಿಸಿದರು. ನ್ಯಾಮತಿ ಆಗ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ಶಿಲಾಶಾಸನ ಗುಡಿಯ ಮುಂದೆ ಎಲ್ಲರ ಕಣ್ಣೆದುರು ನಿಲ್ಲುತ್ತದೆ. ತಾಮ್ರಪಟ ಪೆಟ್ಟಿಗೆಯೊಳಗೆ ಅಡಗಿರುತ್ತದೆ. ನೆರೆಯ ಶಿಕಾರಿಪುರ, ಸೊರಬ ಸೀಮೆಯ ಕೆಲವು ತಾಮ್ರಪಟಗಳು ಸರ್ಪಯಾಗದ ಜನಮೇಜಯನೇ ಭೂದಾನ ಮಾಡಿದನೆಂದು ಹೇಳಿಕೊಳ್ಳುತ್ತವೆ. ವಿದ್ವಾಂಸರು ಪರಿಶೀಲಿಸಿ, ಅವು ಎಷ್ಟೋ ಶತಮಾನಗಳ ಈಚಿನವೆಂದು ನಿರ್ಣಯಿಸಿದರು. ಜೆ. ಎಫ್. ಫ್ಲೀಟ್ ಅವರು 1901ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಕೂಟಶಾಸನಗಳ ಪಟ್ಟಿಯನ್ನೇ ಕೊಟ್ಟರು. ಕೆತ್ತಿದ ಹೆಸರನ್ನು ನಂಬದೆ ಲಿಪಿಯನ್ನೂ ತಿಥಿವಾರಗಳನ್ನೂ ಪರೀಕ್ಷಿಸುವುದು ಅವರ ಕ್ರಮವಾಗಿತ್ತು.

ಇಂದಿನ ಕೊಂಡಿಯ ಕಥೆಯೂ ಇದೇ. ಜಿನೀವಾದ ಸರ್ನ್ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ವಿಶ್ವವ್ಯಾಪಿ ಜಾಲದ ಪ್ರಸ್ತಾವ ಮಂಡಿಸಿದರು. ಅದರಲ್ಲಿ ಕಣ್ಣಿಗೆ ಕಾಣುವ ಪದ ಒಂದು, ಅದರ ಹಿಂದೆ ಅಡಗಿರುವ ವಿಳಾಸ ಮತ್ತೊಂದು. ಓದು ಸರಾಗವಾಗಲೆಂದು ಮಾಡಿದ ಈ ಏರ್ಪಾಡೇ ವಂಚಕರಿಗೂ ಬಾಗಿಲಾಯಿತು. ಪದವೂ ವಿಳಾಸವೂ ಹೊಂದಲೇಬೇಕೆಂಬ ನಿಯಮ ಅಲ್ಲಿಲ್ಲ.

ವಿಳಾಸದಲ್ಲಿಯೇ ವೇಷ ಹಾಕಬಹುದು. ಗ್ಯಾಬ್ರಿಲೊವಿಚ್ ಮತ್ತು ಗೊಂಟ್ಮಾಕರ್ ಎಂಬ ಇಸ್ರೇಲಿನ ಸಂಶೋಧಕರು, ಇಂಗ್ಲಿಷಿನ ಕೆಲವು ಅಕ್ಷರಗಳಿಗೆ ಬದಲಾಗಿ ಅದೇ ರೂಪದ ರಷ್ಯನ್ ಅಕ್ಷರಗಳನ್ನು ಇಟ್ಟು, ಮೈಕ್ರೋಸಾಫ್ಟ್ ಹೆಸರಿನಂತೆಯೇ ಕಾಣುವ ಬೇರೆ ವಿಳಾಸವನ್ನು ಸೃಷ್ಟಿಸಬಹುದೆಂದು 2002ರ ಲೇಖನವೊಂದರಲ್ಲಿ ತೋರಿಸಿದರು. ನಮಗೂ ಇದು ದೂರದ ಮಾತಲ್ಲ. ಕನ್ನಡ, ತೆಲುಗು ಲಿಪಿಗಳು ಒಂದೇ ತಾಯಿಯ ಮಕ್ಕಳು. ಅ, ಜ, ಬ, ಲ ಮುಂತಾದವು ಎರಡರಲ್ಲಿಯೂ ಸುಮಾರು ಒಂದೇ ರೂಪದವು. ಮನುಷ್ಯನ ಕಣ್ಣಿಗೆ ಒಂದಾದರೂ ಯಂತ್ರಕ್ಕೆ ಅವು ಬೇರೆ ಬೇರೆ. ಆದುದರಿಂದಲೇ ಜಾಲದ ಹೆಸರುಗಳನ್ನು ನಿರ್ವಹಿಸುವ ಐಕ್ಯಾನ್ ಸಂಸ್ಥೆಯು 2019ರಲ್ಲಿ ಕನ್ನಡ ಲಿಪಿಗೆ ನಿಯಮಗಳನ್ನು ರೂಪಿಸುವಾಗ ಇಂಥ ಜೋಡಿ ಅಕ್ಷರಗಳನ್ನು ಗಣನೆಗೆ ತೆಗೆದುಕೊಂಡಿತು.

ವಿಳಾಸವನ್ನು ಓದುವುದು ಹೇಗೆ? ಅಂಚೆಯವನು ಲಕೋಟೆಯನ್ನು ಓದುವಂತೆ. ಮೇಲೆ ಯಾರ ಹೆಸರೇ ಇರಲಿ, ಕೆಳಗೆ 'ಚನ್ನಗಿರಿ ತಾಲ್ಲೂಕು, ದಾವಣಗೆರೆ ಜಿಲ್ಲೆ' ಎಂದಿದ್ದರೆ ಪತ್ರ ಅಲ್ಲಿಗೇ ಹೋಗುತ್ತದೆ. ಜಾಲದ ವಿಳಾಸದಲ್ಲಿಯೂ ಎರಡು ಓರೆಗೆರೆಗಳಾದ ಮೇಲೆ ಬರುವ ಮೊದಲ ಒಂಟಿ ಓರೆಗೆರೆಯವರೆಗಿನ ಭಾಗವನ್ನು ಬಲದಿಂದ ಎಡಕ್ಕೆ ಓದಬೇಕು. ಕೊನೆಯ ತುಂಡುಗಳೇ ನಿಜವಾದ ಊರು. ಸರ್ಕಾರಿ ತಾಣಗಳು ಸಾಮಾನ್ಯವಾಗಿ 'ಜಿಒವಿ ಡಾಟ್ ಇನ್' ಎಂದು ಮುಗಿಯುತ್ತವೆ. ಆ ಪದಗಳು ನಡುವೆಯೆಲ್ಲೋ ಬಂದು ಕೊನೆ ಬೇರೆಯಾಗಿದ್ದರೆ ಅದು ಕೂಟಶಾಸನವೆಂದೇ ತಿಳಿಯಿರಿ. ಸಂದೇಹವಿದ್ದಾಗ ಕೊಂಡಿಯನ್ನು ಒತ್ತದೆ, ತಮಗೆ ತಿಳಿದ ವಿಳಾಸವನ್ನು ತಾವೇ ಬರೆದು ಹೋಗುವುದು ಲೇಸು.

ಗಣಕಯಂತ್ರದ ಮೂಲಕ ಅನ್ಯರಂತೆ ನಟಿಸಿ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಲ್ಲಿ ಮೂರು ವರ್ಷದವರೆಗೆ ಸೆರೆಮನೆವಾಸವಿದೆ. ಹಣ ಕಳೆದುಕೊಂಡವರು ನಾಚಿಕೆಯಿಂದ ಸುಮ್ಮನಿರದೆ ಕೂಡಲೇ 1930ಕ್ಕೆ ಕರೆಮಾಡಬೇಕು. ತಡವಾದಷ್ಟೂ ಹಣ ಕೈಮೀರುತ್ತದೆ.

ಕೂಟಶಾಸನವನ್ನು ಪರೀಕ್ಷಿಸಲು ಪಂಡಿತರಿಗೆ ವರ್ಷಗಳೇ ಇದ್ದವು. ನಮಗಿರುವುದು ಬೆರಳು ತಗಲುವ ಮುಂಚಿನ ಒಂದು ಕ್ಷಣ. ಆ ಕ್ಷಣವನ್ನು ಕಸಿದುಕೊಳ್ಳುವುದಕ್ಕೆಂದೇ 'ಕೂಡಲೇ', 'ಇಂದೇ' ಎಂಬ ಅವಸರದ ಮಾತುಗಳು. ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು ಇಷ್ಟನ್ನು ಒಮ್ಮೆ ತೋರಿಸಿಕೊಡಿ. ನಿಮ್ಮ ಹಳೆಯ ಮೇಷ್ಟ್ರು ಕೊಡುವ ಮನೆಗೆಲಸ ಇದೊಂದೇ.