ಅರ್ಧ ಸೆಂಟಿನ ಮತ: ಅಮೆರಿಕದ ಸ್ಥಳೀಯ ಮಾರಾಟ ತೆರಿಗೆ ಮತ್ತು ಮತದಾರರ ಧೋರಣೆಯ ಅಧ್ಯಯನ

ಅಮೆರಿಕದ ಮತದಾರ ಸ್ವಭಾವತಃ ತೆರಿಗೆಯ ವಿರೋಧಿ ಎಂಬ ಮಾತು ಎಷ್ಟು ಬೇರೂರಿದೆಯೆಂದರೆ, ಆ ದೇಶದ ಅನೇಕ ಕೌಂಟಿಗಳ ಜನ ಕಳೆದ ನಾಲ್ಕು ದಶಕಗಳಿಂದ ತಮ್ಮ ಮೇಲೆ ತಾವೇ ಮಾರಾಟ ತೆರಿಗೆ ಹಾಕಿಕೊಳ್ಳುತ್ತ ಬಂದಿದ್ದಾರೆಂಬ ಸಂಗತಿ ಅದರಡಿ ಮರೆಯಾಗಿದೆ. ಕೌಂಟಿಯೆಂದರೆ ಸ್ಥೂಲವಾಗಿ ಕರ್ನಾಟಕದ ಜಿಲ್ಲೆಯನ್ನು ಹೋಲುವ ಆಡಳಿತ ಘಟಕ. ಅಲ್ಲಿನ ಸ್ಥಳೀಯ ಮಾರಾಟ ತೆರಿಗೆಯು ಅಂಗಡಿಯ ಬಿಲ್ಲಿನಲ್ಲಿ ರಾಜ್ಯದ ತೆರಿಗೆಯ ಜೊತೆಗೆ, ಸಾಮಾನ್ಯವಾಗಿ ಡಾಲರಿಗೆ ಕಾಲು, ಅರ್ಧ ಅಥವಾ ಒಂದು ಸೆಂಟಿನಂತೆ ಸೇರುತ್ತದೆ. ಹಲವು ರಾಜ್ಯಗಳಲ್ಲಿ ಇದನ್ನು ಹೊಸದಾಗಿ ವಿಧಿಸಲು ಮತಪತ್ರದಲ್ಲಿ ಜನರ ಒಪ್ಪಿಗೆ ಪಡೆಯಬೇಕು.

ಈ ಅಧ್ಯಯನದ ಮೊದಲ ಘಟ್ಟವನ್ನು ಸಂಕ್ಷೇಪವಾಗಿ ಹೇಳಬಹುದು. 1964ರಲ್ಲಿ ಜೇಮ್ಸ್ ವಿಲ್ಸನ್ ಮತ್ತು ಎಡ್ವರ್ಡ್ ಬ್ಯಾನ್‌ಫೀಲ್ಡ್, ಸಾರ್ವಜನಿಕ ವೆಚ್ಚದ ಪ್ರಸ್ತಾವಗಳಿಗೆ ಬಿದ್ದ ಮತಗಳನ್ನು ಪರಿಶೀಲಿಸಿ, ತಮಗೆ ಲಾಭವಿಲ್ಲದ ವೆಚ್ಚಕ್ಕೂ ಕೆಲವು ವರ್ಗಗಳು ಒಪ್ಪಿಗೆ ಕೊಡುತ್ತವೆಂದು ತೋರಿಸಿದರು. ಅದಕ್ಕೆ ಜನಾಂಗೀಯ ಸಂಸ್ಕೃತಿಯೇ ಕಾರಣವೆಂಬ ಅವರ ವಿವರಣೆ ದುರ್ಬಲವಾದರೂ ಪ್ರಶ್ನೆ ಉಳಿಯಿತು. 1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಅಂಗೀಕರಿಸಿದ 13ನೇ ಪ್ರಸ್ತಾವವು ಆಸ್ತಿ ತೆರಿಗೆಯನ್ನು ನಿರ್ಧರಿತ ಮೌಲ್ಯದ ಶೇ. 1ಕ್ಕೆ ಕಟ್ಟಿಹಾಕಿ, ನಿರ್ದಿಷ್ಟ ಉದ್ದೇಶದ ಸ್ಥಳೀಯ ತೆರಿಗೆಗೆ ಮೂರನೇ ಎರಡರಷ್ಟು ಮತ ಬೇಕೆಂದು ವಿಧಿಸಿತು. ಇದನ್ನು ಕುರಿತು ಡೇವಿಡ್ ಸಿಯರ್ಸ್ ಮತ್ತು ಜ್ಯಾಕ್ ಸಿಟ್ರಿನ್ 1982ರಲ್ಲಿ ಬರೆದ ಗ್ರಂಥವು, ಜನ ತೆರಿಗೆಯ ಇಳಿಕೆಯನ್ನು ಬಯಸಿದರೇ ಹೊರತು ಸೇವೆಗಳ ಕಡಿತವನ್ನಲ್ಲ ಎಂದು ಸಾಧಿಸಿತು. ಆ ಗ್ರಂಥದಿಂದ ಮುಂದಿನವರು ತೆರಿಗೆಯ ವಿರುದ್ಧದ ‘ದಂಗೆ’ಯನ್ನಷ್ಟೇ ನೆನಪಿಟ್ಟುಕೊಂಡು ಈ ಎರಡನೆಯ ಮಾತನ್ನು ಬಿಟ್ಟದ್ದು ವಿಷಾದದ ಸಂಗತಿ.

ಆಸ್ತಿ ತೆರಿಗೆಯ ದಾರಿ ಮುಚ್ಚಿದ ಮೇಲೆ ಸ್ಥಳೀಯ ಸಂಸ್ಥೆಗಳು ಮಾರಾಟ ತೆರಿಗೆಯತ್ತ ಹೊರಳಿದವು, ಮತ್ತು ರಸ್ತೆ ಹಾಗೂ ರೈಲು ಸಾರಿಗೆಯೇ ಈ ಅಧ್ಯಯನದ ನಿಜವಾದ ಪ್ರಯೋಗಶಾಲೆಯಾಯಿತು. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯ ಚರಿತ್ರೆ ಇಲ್ಲಿ ಬಹಳ ಬೋಧಪ್ರದವಾದುದು. 1984ರಲ್ಲಿ ಹೆದ್ದಾರಿಗಳಿಗಾಗಿ ಅರ್ಧ ಸೆಂಟನ್ನು ಒಪ್ಪಿದ ಆ ಕೌಂಟಿಯಲ್ಲಿ 1992ರ ಪ್ರಸ್ತಾವಕ್ಕೆ ಸುಮಾರು ಶೇ. 54 ಮತ ಬಂದರೂ, ಮೂರನೇ ಎರಡರ ಮಿತಿ ಮುಟ್ಟಲಿಲ್ಲವೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಅದನ್ನು ಅಸಿಂಧುಗೊಳಿಸಿತು. ಮರುವರ್ಷ ತೆರಿಗೆಯನ್ನು ಸಾಮಾನ್ಯ ಬೊಕ್ಕಸಕ್ಕೆ ಸೇರುವಂಥದ್ದಾಗಿ ಒಂದು ಪ್ರಸ್ತಾವದಲ್ಲಿಯೂ, ಯೋಜನೆಗಳ ಪಟ್ಟಿಯನ್ನು ಸಲಹಾರೂಪದ ಇನ್ನೊಂದರಲ್ಲಿಯೂ ಇರಿಸಿದಾಗ ಸರಳ ಬಹುಮತವೇ ಸಾಕಾಗಿ ತೆರಿಗೆ ಗೆದ್ದಿತು. ಜನಾಭಿಪ್ರಾಯದ ಬದಲಾವಣೆಯೆಂದು ಓದಿಕೊಳ್ಳಬಹುದಾದ ಈ ಗೆಲುವಿನಲ್ಲಿ ಬದಲಾದದ್ದು ಮುಖ್ಯವಾಗಿ ಪ್ರಶ್ನೆಯ ರೂಪ ಮತ್ತು ಗೆಲುವಿನ ಅಳತೆ. ಲಾಸ್ ಏಂಜಲೀಸ್ ಕೌಂಟಿಯಲ್ಲಿಯೂ 2012ರ ಪ್ರಸ್ತಾವ ಶೇ. 66.1 ಮತ ಪಡೆದು ಸೋತಿತು, 2016ರದು ಸುಮಾರು ಶೇ. 71 ಪಡೆದು ಗೆದ್ದಿತು. ಬೇರೆ ಯಾವ ಚುನಾವಣೆಯಲ್ಲಾದರೂ ಭರ್ಜರಿ ವಿಜಯವೆನಿಸುವ ಆ ಮೊದಲ ಸಂಖ್ಯೆಯನ್ನು ಮತದಾರರ ತಿರಸ್ಕಾರವೆಂದು ಬಣ್ಣಿಸುವುದು ಸರಿಯಲ್ಲ.

ಇಂಥ ಸಾರಿಗೆ ತೆರಿಗೆಗಳ ಅಧ್ಯಯನವನ್ನು ಗಂಭೀರವಾಗಿ ಎತ್ತಿಕೊಂಡವರಲ್ಲಿ ಮಾರ್ಟಿನ್ ವಾಕ್ಸ್ ಮತ್ತು ಅವರ ಜೊತೆಗಾರರು ಅಗ್ರಗಣ್ಯರು. ವೆಚ್ಚದ ಪಟ್ಟಿ ಮತ್ತು ಮುಕ್ತಾಯದ ಅವಧಿ ಮೊದಲೇ ಬರೆದಿರುವುದರಿಂದ ಮತದಾರರಿಗೆ ಭರವಸೆ ಮೂಡುತ್ತದೆಂಬುದನ್ನೂ, ಬಳಕೆದಾರರು ಭರಿಸುತ್ತಿದ್ದ ಇಂಧನ ತೆರಿಗೆಯ ಹೊರೆ ಇದರಿಂದ ಎಲ್ಲ ಗ್ರಾಹಕರ ಮೇಲೆ ಬೀಳುತ್ತದೆಂಬುದನ್ನೂ ಅವರು ಒಟ್ಟಿಗೇ ಕಂಡರು. ಮೈಕೆಲ್ ಮ್ಯಾನ್‌ವಿಲ್ ಮತ್ತು ಬೆಂಜಮಿನ್ ಕಮಿನ್ಸ್ 2015ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು, ಸಾರ್ವಜನಿಕ ಸಾರಿಗೆಗೆ ಹಣ ಕೊಡಲು ಒಪ್ಪುವವರಲ್ಲಿ ಬಹುಮಂದಿ ಅದನ್ನು ಸ್ವತಃ ಬಳಸುವವರಲ್ಲ, ಅದನ್ನು ಸಮುದಾಯದ ಹಿತವೆಂದು ಬಗೆದವರು ಎಂದು ತೋರಿಸಿದರು. ತೆರಿಗೆ ಗೆದ್ದಲ್ಲಿಯೂ ಬಸ್ಸುಗಳು ಏಕೆ ತುಂಬುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಮರ್ಪಕವಾದ ಉತ್ತರ ಸುಲಭವಾಗಿ ಸಿಗದು.

ಜಾರ್ಜಿಯಾದ ಅನುಭವ ಬೇರೆಯದು. 2012ರ ಜುಲೈಯಲ್ಲಿ ಅಟ್ಲಾಂಟಾ ಪ್ರದೇಶದ ಹತ್ತು ಕೌಂಟಿಗಳು ಒಂದು ಸೆಂಟಿನ ಸಾರಿಗೆ ತೆರಿಗೆಯನ್ನು ಬಹುಮತದಿಂದ ತಿರಸ್ಕರಿಸಿದಾಗ ತೆರಿಗೆ ವಿರೋಧಿ ಟೀ ಪಾರ್ಟಿ ಚಳವಳಿ, ಪರಿಸರವಾದಿ ಸಿಯೆರಾ ಕ್ಲಬ್‌ನ ರಾಜ್ಯ ಘಟಕ ಮತ್ತು ಡಿಕಾಲ್ಬ್ ಕೌಂಟಿಯ ಕಪ್ಪು ಜನರ ಹಕ್ಕುಗಳ ಸಂಘಟನೆ ಮೂರೂ ಬೇರೆಬೇರೆ ಕಾರಣಗಳಿಗಾಗಿ ಅದನ್ನು ವಿರೋಧಿಸಿದ್ದವು. ಎರಡೇ ವರ್ಷಗಳಲ್ಲಿ ಆ ಹತ್ತರಲ್ಲೊಂದಾದ ಕ್ಲೇಟನ್ ಕೌಂಟಿ, 2010ರಲ್ಲಿ ನಿಂತುಹೋಗಿದ್ದ ಬಸ್ ಸೇವೆಯನ್ನು ಮರಳಿ ಪಡೆಯಲು, ಒಂದು ಸೆಂಟಿಗೆ ಭಾರಿ ಬಹುಮತ ಕೊಟ್ಟಿತು. ಆದ್ದರಿಂದ ‘ಬೇಡ’ ಎಂಬ ಮತವನ್ನು ತೆರಿಗೆಯ ದ್ವೇಷವೆಂದು ಎಣಿಸುವ ಲೆಕ್ಕಾಚಾರಗಳು ಪ್ರಸ್ತಾವದೊಳಗಿನ ಪಟ್ಟಿಯನ್ನು ಓದದೆ ಮಾಡಿದವು.

ಇಷ್ಟಾದರೂ ಈ ವಿಷಯದ ಅಧ್ಯಯನ ಸಾಹಿತ್ಯ ಕ್ಯಾಲಿಫೋರ್ನಿಯಾದ ಕಡೆಗೆ, ಅದರಲ್ಲಿಯೂ ಸಾರಿಗೆಯ ಕಡೆಗೆ ವಾಲಿದೆ. ಅಗ್ನಿಶಾಮಕ, ಪೊಲೀಸ್, ವಸತಿಹೀನರ ನೆರವು ಮುಂತಾದವುಗಳ ತೆರಿಗೆಗಳಿಗೆ ದೊರೆತ ಗಮನ ಕಡಿಮೆ. ಆದಾಯದ ಹೆಚ್ಚು ಪಾಲನ್ನು ಸಾಮಾನುಗಳಿಗೇ ವ್ಯಯಿಸುವ ಬಡ ಕುಟುಂಬಗಳ ಮೇಲೆ ಮಾರಾಟ ತೆರಿಗೆಯ ಭಾರ ಹೆಚ್ಚು. ಆದರೆ ಮತಗಟ್ಟೆಗೆ ಬರುವವರಲ್ಲಿ ಅವರ ಪ್ರಮಾಣವೇ ಕಡಿಮೆಯಾಗಿರುವಾಗ, ಮತದಾರರ ಧೋರಣೆಯನ್ನು ತೆರಿಗೆದಾರರ ಧೋರಣೆಯೆಂದು ತಿಳಿಯುವಂತಿಲ್ಲ. ಸಾಂಟಾ ಕ್ಲಾರಾ 2000ದಲ್ಲಿ ಒಪ್ಪಿದ ಅರ್ಧ ಸೆಂಟು 2006ರಿಂದ ಮೂವತ್ತು ವರ್ಷ ನಡೆಯುತ್ತದೆ. ಕೆಲಸದ ವೀಸಾದ ಮೇಲೆ ಅಲ್ಲಿ ನೆಲೆಸಿರುವ ಕನ್ನಡಿಗರೂ ಸೇರಿದಂತೆ ಪೌರತ್ವವಿಲ್ಲದ ನಿವಾಸಿಗಳು ಅದನ್ನು ಬಿಲ್ಲುಬಿಲ್ಲಿಗೂ ಕಟ್ಟುತ್ತಾರೆ, ಆದರೆ ಅದರ ಮೇಲೆ ಮತ ಹಾಕುವ ಹಕ್ಕು ಅವರಿಗಿಲ್ಲ. ಕೇವಲ ಮತಎಣಿಕೆಯನ್ನೂ ಸಂಭಾವ್ಯ ಮತದಾರರ ಸಮೀಕ್ಷೆಯನ್ನೂ ಆಧರಿಸಿದ ಅಧ್ಯಯನಗಳು ಇವರನ್ನು ತಲುಪಲಾರವು. ಕೌಂಟಿಯ ಎಲ್ಲ ವಯಸ್ಕ ನಿವಾಸಿಗಳನ್ನು ಪ್ರಶ್ನಿಸುವ ಸಮೀಕ್ಷೆಗಳು ಮಾತ್ರ ತಲುಪಬಲ್ಲವು.