ಆಗಮನಕಾಲದ ಮನೆಭಕ್ತಿ

ಕ್ರಿಸ್ತಜಯಂತಿಗೆ ಮುಂಚಿನ ನಾಲ್ಕು ಆದಿತ್ಯವಾರಗಳನ್ನೊಳಗೊಂಡ ಅವಧಿಯನ್ನು ಕ್ರೈಸ್ತರು ಆಗಮನಕಾಲವೆಂದು ಕರೆಯುವರು. ನವೆಂಬರ 27ರಿಂದ ಡಿಸೆಂಬರ 3ರೊಳಗೆ ಬರುವ ಆದಿತ್ಯವಾರ ಅದು ಮೊದಲಾಗುವುದು. ಹೊನ್ನಾವರ, ಕುಮಟೆ, ಭಟ್ಕಳಗಳ ಕರಾವಳಿಯಲ್ಲಿ ಇದು ಬಿಡುವಿನ ಕಾಲವಲ್ಲ. ಕೊಯ್ದ ಭತ್ತದ ಕೆಲಸ ಒಂದು ಕಡೆ, ಶಾಂತವಾದ ಕಡಲಿಗಿಳಿಯುವ ದೋಣಿಗಳು ಇನ್ನೊಂದು ಕಡೆ; ಹೆಂಗಸರಿಗೆ ನೆವ್ರಿ, ಕುಲ್ಕುಲ್ ಮೊದಲಾದ ಹಬ್ಬದ ತಿಂಡಿಗಳ ಸಿದ್ಧತೆ. ಇಷ್ಟರ ನಡುವೆ ಭಕ್ತಿಗೆ ಎಡೆಯೆಲ್ಲಿ ಎಂಬ ಪ್ರಶ್ನೆ ಹೊಸದಲ್ಲ; ಅದಕ್ಕೆ ಉತ್ತರವೂ ಹೊಸದಲ್ಲ.

ಮೊದಲು ಈ ಕಾಲವು ಕಠಿಣವ್ರತದ್ದಾಗಿದ್ದಿತು. ಐದನೆಯ ಶತಮಾನದಲ್ಲಿ ಫ್ರಾನ್ಸಿನ ತೂರ್ ಪಟ್ಟಣದ ಬಿಷಪ್ ಪೆರ್ಪೆತುಯುಸನು ನವೆಂಬರ 11ರಿಂದ ಕ್ರಿಸ್ತಜಯಂತಿಯ ವರೆಗೆ ವಾರಕ್ಕೆ ಮೂರು ದಿನ ಉಪವಾಸವನ್ನು ವಿಧಿಸಿದನು. 567ರಲ್ಲಿ ಅದೇ ಪಟ್ಟಣದಲ್ಲಿ ನೆರೆದ ಧರ್ಮಸಭೆಯು ಸಂನ್ಯಾಸಿಗಳಿಗೆ ಡಿಸೆಂಬರ ತಿಂಗಳಲ್ಲಿ ಹಬ್ಬದ ವರೆಗೆ ನಿತ್ಯೋಪವಾಸವನ್ನು ಗೊತ್ತುಮಾಡಿತು. ಬರಬರುತ್ತ ವ್ರತವು ಸಡಿಲಿ, ಅವಧಿಯು ನಾಲ್ಕು ವಾರಗಳಿಗಿಳಿಯಿತು. ಗೃಹಸ್ಥರಿಗೆ ಉಳಿದದ್ದು ಚಿಕ್ಕ ಪ್ರಾರ್ಥನೆಗಳು.

ಅಂಥ ಪ್ರಾರ್ಥನೆಗಳೇ ಗೋವೆಯ ಮೂಲಕ ಈ ಸೀಮೆಗೆ ಬಂದುವು. ಪೋರ್ಚುಗೀಜರು 1569ರಲ್ಲಿ ಹೊನ್ನಾವರದ ಕೋಟೆಯನ್ನು ಹಿಡಿದರು. ಮುಂದೆ ಕೆಳದಿಯ ಅರಸರೊಡನೆ 1678ರಲ್ಲಾದ ಒಪ್ಪಂದದಂತೆ ಮಿರ್ಜಾನ, ಚಂದಾವರ, ಭಟ್ಕಳ ಮೊದಲಾದೆಡೆ ಇಗರ್ಜಿಗಳನ್ನು ಕಟ್ಟಲು ಅವರಿಗೆ ಅನುಮತಿ ದೊರೆಯಿತು. ಆದರೆ ಇಗರ್ಜಿಯು ಎಲ್ಲರಿಗೂ ಸಮೀಪವಲ್ಲ. ಶರಾವತಿಯ ನಡುಗಡ್ಡೆಯಾದ ಮಾವಿನಕುರ್ವೆಯಂಥ ಸ್ಥಳಗಳಿಂದ ಎತ್ತ ಹೋಗಬೇಕಾದರೂ ಹಿಂದೆ ದೋಣಿಯೇ ಗತಿ. ಇಂಥ ಹೊಳೆಗಳ ನಾಡಿನಲ್ಲಿ ನಿತ್ಯದ ಪ್ರಾರ್ಥನೆಗೆ ಮನೆಯೇ ತಕ್ಕ ಸ್ಥಾನವಷ್ಟೆ.

ಕೊಂಕಣಿಯನ್ನಾಡುವ ಕ್ಯಾಥೋಲಿಕರ ಮನೆಗಳಲ್ಲಿ ಸಂಜೆಯ ಜಪಮಾಲೆಗೆ ತೇರ್ಸ್ ಎಂದು ಹೆಸರು. ಪೋರ್ಚುಗೀಜಿನಲ್ಲಿ ಈ ಶಬ್ದಕ್ಕೆ ಮೂರನೆಯ ಒಂದು ಪಾಲೆಂದು ಅರ್ಥ. ಮಠಗಳಲ್ಲಿ ಸಂನ್ಯಾಸಿಗಳು 150 ಕೀರ್ತನೆಗಳನ್ನು ಹೇಳುತ್ತಿದ್ದರು. ಅಕ್ಷರವರಿಯದ ಜನರು ಅವುಗಳಿಗೆ ಬದಲಾಗಿ 150 ಸಾರಿ ‘ನಮೋ ಮರಿಯ’ ಜಪವನ್ನು ಮಾಡಿದರು. ಕೆಲಸದವರು ಅದರಲ್ಲಿ 50ನ್ನು ಮಾತ್ರ ದಿನಕ್ಕೆ ಇಟ್ಟುಕೊಂಡರು. 2002ರಲ್ಲಿ ಪೋಪ್ ಎರಡನೆಯ ಜಾನ್ ಪೌಲರು ಇನ್ನೈದು ಧ್ಯಾನಗಳನ್ನು ಕೂಡಿಸಿದ್ದರಿಂದ ಅದು ನಾಲ್ಕನೆಯ ಪಾಲಾದರೂ ಹೆಸರು ಬದಲಾಗಲಿಲ್ಲ. ದೇವದೂತನ ಸಂದೇಶ, ಮರಿಯಳು ಎಲಿಜಬೇತಳನ್ನು ಕಾಣಹೋದುದು, ಕ್ರಿಸ್ತನ ಜನನ: ಇವು ಹರ್ಷದ ಧ್ಯಾನಗಳಲ್ಲಿ ಮೊದಲಿನ ಮೂರು. ಆಗಮನಕಾಲದ ಆದಿತ್ಯವಾರಗಳಲ್ಲಿ ಹರ್ಷದ ಧ್ಯಾನಗಳನ್ನೇ ಹೇಳುವುದು ಹಳೆಯ ರೂಢಿ. ಜಪ ಮುಗಿದೊಡನೆ ಕಿರಿಯರು ಹಿರಿಯರಿಂದ ಬೆಸಾಂವ್, ಎಂದರೆ ಆಶೀರ್ವಾದವನ್ನು, ಬೇಡುವರು. ಇದಕ್ಕೆ ಪಾದ್ರಿಯೂ ಬೇಡ, ಪುಸ್ತಕವೂ ಬೇಡ.

ಈ ಸರಳತೆಯ ಬೆಲೆಯು ಕಷ್ಟಕಾಲದಲ್ಲಿ ತಿಳಿಯಿತು. 1784ರಲ್ಲಿ ಟಿಪ್ಪೂ ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಪಾದ್ರಿಗಳು ಗಡೀಪಾರಾದರು, ಇಗರ್ಜಿಗಳು ಕೆಡವಲ್ಪಟ್ಟುವು. 1799ರಲ್ಲಿ ಪಟ್ಟಣವು ಬಿದ್ದ ಬಳಿಕ ಬದುಕುಳಿದವರು ಮರಳಿ ಬಂದು ಇಗರ್ಜಿಗಳನ್ನು ತಿರುಗಿ ಕಟ್ಟಿಕೊಂಡರು. ಹದಿನೈದು ವರ್ಷವೆಂದರೆ ಒಂದು ಮಗು ಹುಟ್ಟಿ ಪ್ರಾಯಕ್ಕೆ ಬರುವಷ್ಟು ಕಾಲ. ಧರ್ಮವು ಕಲ್ಲುಗೋಡೆಯಲ್ಲಿ ಮಾತ್ರವಿದ್ದಿದ್ದರೆ ಗೋಡೆಯೊಡನೆ ಅದೂ ಬೀಳುತ್ತಿದ್ದಿತು. ತಾಯಿಯ ನಾಲಗೆಯಲ್ಲಿದ್ದುದನ್ನು ಕೆಡವುವ ಬಗೆಯೆಂತು?

ಈಗ ಅನೇಕ ಇಗರ್ಜಿಗಳಲ್ಲಿ ಕಾಣುವ ಹಸುರೆಲೆಯ ಬಳೆ, ಅದರ ಮೇಲೆ ವಾರಕ್ಕೊಂದರಂತೆ ಹೊತ್ತಿಸುವ ಮೇಣದ ಬತ್ತಿ, ಇವುಗಳ ವಿಷಯವೂ ಇಂಥದೇ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಯೋಹಾನ್ ಹಿನ್ರಿಕ್ ವಿಖರ್ನನು, ಹಬ್ಬ ಯಾವಾಗ ಎಂದು ಕೇಳುತ್ತಿದ್ದ ಬಡಮಕ್ಕಳಿಗೆ ದಿನವೆಣಿಸುವುದಕ್ಕಾಗಿ ಬಂಡಿಯ ಗಾಲಿಯೊಂದಕ್ಕೆ ಬತ್ತಿಗಳನ್ನು ನಿಲ್ಲಿಸಿದನು. ಅಲ್ಲಿಯೂ ಉಳಿದು ಬೆಳೆದದ್ದು ಚಿಕ್ಕದಾದ ಸಾಧನವೇ.

ಹೊತ್ತಿಲ್ಲದವರಿಗಾಗಿ ಭಕ್ತಿಯನ್ನು ಕಿರಿದುಮಾಡಿದ್ದು ಅದನ್ನು ಕೀಳುಮಾಡಿದಂತಾಗಲಿಲ್ಲ. ಒಲೆಯ ಮುಂದೆ, ದೋಣಿಯಲ್ಲಿ, ಸೆರೆಯಲ್ಲಿ ಸಹ ಜೊತೆಗೊಯ್ಯಬಹುದಾದಷ್ಟು ಅದನ್ನು ಹಗುರಮಾಡಿತು.