ಹಗುರ ಫೋಮ್ ತುಂಡು ಗಗನನೌಕೆಯ ರೆಕ್ಕೆ ಒಡೆಯಬಲ್ಲದೇ?

ಥರ್ಮೋಕೋಲ್ ತುಂಡನ್ನು ಗೋಡೆಗೆ ಎಸೆದರೆ ಗೋಡೆಗೆ ಏನೂ ಆಗುವುದಿಲ್ಲ. ಹಾಗಾಗಿ ಹಗುರವಾದದ್ದು ಬಡಿದರೆ ಅಪಾಯವಿಲ್ಲ ಎಂದು ನಾವು ಸುಲಭವಾಗಿ ನಂಬುತ್ತೇವೆ. ಈ ನಂಬಿಕೆ ಎಷ್ಟು ತಪ್ಪು ಎಂಬುದನ್ನು ಕಲ್ಪನಾ ಚಾವ್ಲಾ ಸೇರಿ ಏಳು ಗಗನಯಾತ್ರಿಗಳಿದ್ದ ಕೊಲಂಬಿಯಾ ನೌಕೆಯ ದುರಂತ ತೋರಿಸಿತು. ಅಲ್ಲಿ ಹಾನಿಯನ್ನು ಅಂದಾಜಿಸಲು ಕಂಪ್ಯೂಟರ್ ಲೆಕ್ಕವೂ ಇತ್ತು. ಅದೇಕೆ ಕೈಕೊಟ್ಟಿತು?

ನಡೆದದ್ದೇನು?

2003ರ ಜನವರಿ 16ರಂದು, ಉಡಾವಣೆಯಾದ ಸುಮಾರು 82 ಸೆಕೆಂಡಿಗೆ, ಇಂಧನ ಟ್ಯಾಂಕಿನ ಹೊದಿಕೆಯಿಂದ ಸುಮಾರು ಮುಕ್ಕಾಲು ಕಿಲೋ ತೂಕದ ಫೋಮ್ ಕಳಚಿತು. ಗಾಳಿಯ ತಡೆಗೆ ಸಿಕ್ಕ ತುಂಡು ಥಟ್ಟನೆ ನಿಧಾನವಾಯಿತು, ನೌಕೆ ಮಾತ್ರ ಮುನ್ನುಗ್ಗುತ್ತಲೇ ಇತ್ತು. ಹೀಗೆ ಎಡ ರೆಕ್ಕೆಯ ಅಂಚೇ ಹೋಗಿ ಫೋಮಿಗೆ ಗುದ್ದಿತು. ಇಬ್ಬರ ನಡುವಿನ ವೇಗ ಗಂಟೆಗೆ ಸುಮಾರು 800 ಕಿ.ಮೀ.

ವೇಗ ದುಪ್ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ನಾವು ಲೆಕ್ಕ ಹಾಕಿ ನೋಡಿದರೆ, ಗಂಟೆಗೆ 150 ಕಿ.ಮೀ. ವೇಗದ ಕ್ರಿಕೆಟ್ ಚೆಂಡಿಗಿಂತ ಈ ಫೋಮಿನಲ್ಲಿ ನೂರು ಪಟ್ಟಿಗೂ ಹೆಚ್ಚು ಶಕ್ತಿಯಿತ್ತು.

ಲೆಕ್ಕ ಎಡವಿದ್ದೆಲ್ಲಿ?

ನೌಕೆ ಕಕ್ಷೆಯಲ್ಲಿದ್ದಾಗಲೇ ಎಂಜಿನಿಯರ್‌ಗಳು 'ಕ್ರೇಟರ್' ಎಂಬ ಮಾದರಿಯಿಂದ ಶಾಖರಕ್ಷಕ ಟೈಲುಗಳ ಹಾನಿಯನ್ನು ಅಂದಾಜಿಸಿದರು. ಅದು ಪುಟ್ಟ ತುಂಡುಗಳ ಪರೀಕ್ಷೆಗಳನ್ನು ಆಧರಿಸಿದ ಸೂತ್ರ. ಬಡಿದ ತುಂಡು ಅವುಗಳಿಗಿಂತ ನೂರಾರು ಪಟ್ಟು ದೊಡ್ಡದು. ಆದರೂ ಟೈಲಿನ ದಪ್ಪಕ್ಕಿಂತ ಆಳವಾದ ಹಾನಿಯಾಗಬಹುದು ಎಂದೇ ಸೂತ್ರ ಹೇಳಿತ್ತು. ಅದು ಹಾನಿಯನ್ನು ಹೆಚ್ಚಾಗಿಯೇ ತೋರಿಸುತ್ತದೆ ಎಂದು ಆ ಎಚ್ಚರಿಕೆಯನ್ನು ಬದಿಗಿಟ್ಟರು. ರೆಕ್ಕೆಯ ಅಂಚಿನ ಕಾರ್ಬನ್ ಫಲಕಕ್ಕೆ ಬಳಸಿದ ಸೂತ್ರವಂತೂ ಮಂಜುಗಡ್ಡೆಯ ಹೊಡೆತಕ್ಕಾಗಿ ಮಾಡಿದ್ದು.

ಫೆಬ್ರುವರಿ 1ರಂದು ಮರಳುವಾಗ ಒಡೆದ ಅಂಚಿನಿಂದ ಬಿಸಿ ಅನಿಲ ಒಳನುಗ್ಗಿ ನೌಕೆ ಛಿದ್ರವಾಯಿತು. ಏಳೂ ಮಂದಿ ತೀರಿಕೊಂಡರು. ಆ ಜುಲೈನಲ್ಲಿ ಟೆಕ್ಸಾಸ್‌ನಲ್ಲಿ ಅಷ್ಟೇ ದೊಡ್ಡ ಫೋಮನ್ನು ಏರ್ ಗನ್‌ನಿಂದ ಕಾರ್ಬನ್ ಫಲಕಕ್ಕೆ ಹೊಡೆದಾಗ ಸುಮಾರು 40 ಸೆಂ.ಮೀ. ಅಗಲದ ತೂತು ಬಿತ್ತು.

ಆಮೇಲೆ ಏನು ಬದಲಾಯಿತು?

ನಾಸಾ 'ಎಲ್‌ಎಸ್-ಡೈನಾ' ಎಂಬ ತಂತ್ರಾಂಶದಲ್ಲಿ ಹೊಸ ಮಾದರಿ ಕಟ್ಟಿತು. ಇದರಲ್ಲಿ ಫೋಮನ್ನೂ ಫಲಕವನ್ನೂ ಸಾವಿರಾರು ಪುಟ್ಟ ಚೌಕಗಳಾಗಿ ವಿಂಗಡಿಸುತ್ತಾರೆ. ಪ್ರತಿಯೊಂದು ಎಷ್ಟು ಕುಗ್ಗಿತು, ಬಾಗಿತು, ಯಾವಾಗ ಮುರಿಯಿತು ಎಂದು ಸೆಕೆಂಡಿನ ಅತಿ ಸಣ್ಣ ಭಾಗಗಳಲ್ಲಿ ಲೆಕ್ಕ ಹಾಕುತ್ತಾರೆ. ನಂತರ ನಿಜವಾದ ಫಲಕಕ್ಕೆ ಹೊಡೆದು ಉತ್ತರವನ್ನು ತಾಳೆ ನೋಡುತ್ತಾರೆ.

ಕಕ್ಷೆಯ ಕಸದ ವಿಷಯ ಇನ್ನೂ ಕಷ್ಟ. ಅಲ್ಲಿ ಡಿಕ್ಕಿಯ ವೇಗ ಸೆಕೆಂಡಿಗೆ ಸುಮಾರು 10 ಕಿ.ಮೀ. ಲೋಹವೇ ಪುಡಿಯಾಗಿ ಕರಗುವುದರಿಂದ ಚೌಕಗಳು ತಿರುಚಿಹೋಗುತ್ತವೆ. ಅದಕ್ಕಾಗಿ ವಸ್ತುವನ್ನು ಕಣಗಳ ಗುಂಪೆಂದು ಭಾವಿಸುವ, 1977ರಲ್ಲಿ ಖಗೋಳ ಅಧ್ಯಯನಕ್ಕಾಗಿ ಹುಟ್ಟಿದ ವಿಧಾನವನ್ನು ಬಳಸುತ್ತಾರೆ. ಪ್ರಯೋಗಾಲಯದ ಗನ್‌ಗಳು ಸಾಮಾನ್ಯವಾಗಿ ತಲುಪುವುದು ಸೆಕೆಂಡಿಗೆ 7-8 ಕಿ.ಮೀ. ಮಾತ್ರ. ಅದರಾಚೆಗೆ ಹೆಚ್ಚಾಗಿ ಲೆಕ್ಕವನ್ನೇ ನೆಚ್ಚಬೇಕು.

ಹಾಗಾದರೆ ಕಂಪ್ಯೂಟರನ್ನು ನಂಬಬಾರದೇ?

ನಂಬಬಹುದು. ಆದರೆ ಅದರ ಉತ್ತರ ಕೇಳುವ ಮುನ್ನ ನಾವು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಮಾದರಿಯನ್ನು ಇಷ್ಟು ದೊಡ್ಡ ತುಂಡಿಗೆ, ಇದೇ ವಸ್ತುವಿಗೆ, ಇಷ್ಟು ವೇಗಕ್ಕೆ ಹಿಂದೆ ಪರೀಕ್ಷಿಸಿದ್ದಾರೆಯೇ? ಇಲ್ಲವಾದರೆ ಅದು ಕೊಡುವುದು ಊಹೆಯನ್ನು ಮಾತ್ರ. ಕೊಲಂಬಿಯಾದಲ್ಲಿ ಈ ಪ್ರಶ್ನೆಗೆ ಸಿಗಬೇಕಾದಷ್ಟು ಬೆಲೆ ಸಿಗಲಿಲ್ಲ.